ನಲ್ಲಿ ಬರುವ ಮುನ್ನಾದಿನ ಡ್ರಮ್ ಉಜ್ಜಬೇಕು

ಮಾನ್ಯರೇ,

ಡೆಂಗಿ ಸುದ್ದಿ ಬಂದ ಕೂಡಲೇ ಓಣಿ ಓಣಿಯಲ್ಲೂ ಫಾಗಿಂಗ್‌ಗೆ ಬೇಡಿಕೆ ಏಳುತ್ತದೆ. ಹೊಗೆ ಕಣ್ಣಿಗೆ ಕಾಣುವುದರಿಂದ ಕೆಲಸ ಆಯಿತೆಂದು ಜನರಿಗೂ ವಾರ್ಡ್ ಸದಸ್ಯರಿಗೂ ಸಮಾಧಾನ. ಆದರೆ ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಚರಂಡಿಯ ಸೊಳ್ಳೆಯಲ್ಲ. ಅದು ಕಚ್ಚುವುದು ಹಗಲಲ್ಲಿ. ಕೂರುವುದು ಮಂಚದಡಿ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಸಂದಿಯಲ್ಲಿ. ಯಂತ್ರದ ಸದ್ದು ಕೇಳಿದೊಡನೆ ನಾವು ಮೊದಲು ಮಾಡುವುದೇ ಕಿಟಕಿ, ಬಾಗಿಲು ಮುಚ್ಚುವುದು! ಔಷಧದ ಹನಿ ತಾಗಿದ ಹಾರುವ ಸೊಳ್ಳೆ ಸಾಯುತ್ತದೆ, ಅಷ್ಟೇ. ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ರೋಗಿಯ ಮನೆ ಮತ್ತು ಅಕ್ಕಪಕ್ಕದ ಮನೆಗಳ ಒಳಗೆ ಶೇ 2ರ ಪೈರೆಥ್ರಮ್ ಎಂಬ ಕೀಟನಾಶಕ ಒಂದು ಪಾಲಿಗೆ 19 ಪಾಲು ಸೀಮೆಎಣ್ಣೆ ಬೆರೆಸಿ ಸಿಂಪಡಿಸುವುದಕ್ಕೆ ಅರ್ಥವಿದೆ. ರಸ್ತೆಗೆ ಹೊಗೆ ಬಿಡುವುದಕ್ಕೆ ಅಷ್ಟು ಅರ್ಥವಿಲ್ಲ.

ಅಸಲು ಸಮಸ್ಯೆ ಇರುವುದು ನಲ್ಲಿ ನೀರಿನ ಸರದಿಯಲ್ಲಿ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ನೀರು ಬರುವುದೇ ವಾರಕ್ಕೊಮ್ಮೆ, ಕೆಲವು ಕಡೆ ಇನ್ನೂ ತಡ. ಹೀಗಾಗಿ ಮನೆಯಲ್ಲಿ ಎರಡು ಮೂರು ಡ್ರಮ್ ಇರಲೇಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೇವವಿರುವ ಒಳಗೋಡೆಗೆ. ಮಸಿಯ ಚುಕ್ಕೆಯಂಥ ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನಲ್ಲಿ ಬಂದು ಡ್ರಮ್ ತುಂಬಿತೆಂದರೆ ಅವು ಮುಳುಗಿ ಮರಿಯಾಗುತ್ತವೆ. ಅಲ್ಲಿಂದ 7ರಿಂದ 10 ದಿನಕ್ಕೆ ರೆಕ್ಕೆ ಬಂದ ಸೊಳ್ಳೆ. ಮುಂದಿನ ಸರದಿಯೂ ಹೆಚ್ಚುಕಡಿಮೆ ಆಗಲೇ ಬರುತ್ತದೆ.

‘ವಾರಕ್ಕೊಮ್ಮೆ ನೀರು ಚೆಲ್ಲಿ’ ಎಂಬ ಪ್ರಚಾರ ಇಲ್ಲಿಯೇ ಸೋಲುತ್ತದೆ. ಎಂಟು ದಿನಕ್ಕೆ ಬಂದ ನೀರನ್ನು ಯಾರು ಚೆಲ್ಲುತ್ತಾರೆ? ಚೆಲ್ಲಿದರೂ ಬರೀ ಚೆಲ್ಲಿದರೆ ಮೊಟ್ಟೆ ಗೋಡೆಗೇ ಅಂಟಿಕೊಂಡಿರುತ್ತದೆ. ಸರಿಯಾದ ಹೊತ್ತು ನಲ್ಲಿ ಬರುವ ಮುನ್ನಾದಿನ, ಡ್ರಮ್ಮಿನ ತಳದಲ್ಲಿ ಎರಡು ತಂಬಿಗೆ ನೀರು ಉಳಿದಾಗ. ತೆಂಗಿನ ನಾರು ಅಥವಾ ಗಟ್ಟಿ ಬ್ರಶ್‌ನಿಂದ ಬಾಯಿಯಿಂದ ತಳದವರೆಗೆ, ಅಂಚಿನ ಉಂಗುರದ ಒಳಭಾಗವನ್ನೂ ಬಿಡದೆ ಉಜ್ಜಬೇಕು. ಆ ನೀರನ್ನು ಒಣ ಮಣ್ಣಿಗೆ ಚೆಲ್ಲಬೇಕು, ಇನ್ನೊಂದು ಬಕೆಟ್‌ಗೆ ಸುರಿದಿಡಬಾರದು. ತುಂಬಿದ ಮೇಲೆ ಹಳೆಯ ಪಂಚೆಯನ್ನು ಬಿಗಿಯಾಗಿ ಹಗ್ಗದಿಂದ ಕಟ್ಟಬೇಕು. ಜೋತುಬಿದ್ದು ನೀರಿಗೆ ತಾಗುವ ಬಟ್ಟೆ, ಮಗ್ ಇಡಲೆಂದು ಅರ್ಧ ಸರಿಸಿದ ಮುಚ್ಚಳ ಇದ್ದೂ ಇಲ್ಲದಂತೆ.

ಸಮೀಕ್ಷೆಗೆ ಬರುವವರು ಡ್ರಮ್ಮಿನೊಳಗೆ ಒಮ್ಮೆ ಟಾರ್ಚ್ ಬೆಳಕು ಹಾಯಿಸಿ ‘ಏನಿಲ್ಲ’ ಎಂದು ಬರೆದುಕೊಂಡು ಹೋಗುವುದೂ ಉಂಟು. ನೆರಳು ಬಿದ್ದರೆ, ಡ್ರಮ್ ಅಲುಗಿದರೆ ಮರಿಗಳು ತಳಕ್ಕೆ ಇಳಿಯುತ್ತವೆ. ಒಂದೆರಡು ನಿಮಿಷ ಸುಮ್ಮನೆ ನಿಂತರೆ ಉಸಿರಾಡಲು ಮೇಲೆ ಬಂದೇ ಬರುತ್ತವೆ.

ನೀರಿನಲ್ಲಿರುವ ಮರಿಗಳನ್ನು ಕೊಲ್ಲುವ ಔಷಧ ಟೆಮೆಫಾಸ್ ಹಾಕುವಾಗ ಆಗುವ ಎಡವಟ್ಟು ಬೇರೆ. ಲೀಟರ್ ನೀರಿಗೆ 1 ಮಿಲಿಗ್ರಾಂ ಮಿತಿ. ಅಂದರೆ 200 ಲೀಟರ್ ಡ್ರಮ್ಮಿಗೆ ಶೇ 50ರ ದ್ರಾವಣ 0.4 ಮಿಲಿ ಸಾಕು. ಇದನ್ನು 1 ಮಿಲಿಯ ಸಿರಿಂಜ್‌ನಲ್ಲಿ ಅಳೆಯಬೇಕು. ಬಾಟಲಿಯ ಮುಚ್ಚಳದಿಂದ 5 ಮಿಲಿ ಸುರಿದರೆ ಹನ್ನೆರಡೂವರೆ ಪಟ್ಟು ಆಯಿತು. ನೀರು ವಾಸನೆ ಹೊಡೆಯುತ್ತದೆ, ಮನೆಯವರು ಅದನ್ನು ಚೆಲ್ಲಿ ಮತ್ತೆ ತುಂಬುತ್ತಾರೆ. ಮುಂದಿನ ಸಲ ಬಾಗಿಲೇ ತೆರೆಯುವುದಿಲ್ಲ. ತಪ್ಪು ಅವರದಲ್ಲ.

ಸೊಳ್ಳೆಯೊಳಗೆ ಡೆಂಗಿ ವೈರಾಣು ಬೆಳೆಯದಂತೆ ತಡೆಯುವ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಸೇರಿಸಿದ ಸೊಳ್ಳೆಗಳ ಬಗ್ಗೆ ಈಗ ಹಲವರು ಕೇಳುತ್ತಾರೆ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಊರನ್ನು 24 ಭಾಗ ಮಾಡಿ, 12ರಲ್ಲಿ ಮಾತ್ರ ಅಂಥ ಸೊಳ್ಳೆ ಬಿಟ್ಟು ಹೋಲಿಸಿದಾಗ ಡೆಂಗಿ ಶೇ 77ರಷ್ಟು ಕಡಿಮೆ ಕಂಡಿತು. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಫಾಗಿಂಗ್ ಪರವಾಗಿ ಇಷ್ಟು ಗಟ್ಟಿ ಪುರಾವೆ ಇಲ್ಲ. ಪುದುಚೇರಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕೇಂದ್ರದಲ್ಲೂ ಈ ಕೆಲಸ ನಡೆದಿದೆ. ಅದು ನಮ್ಮ ಓಣಿಗೆ ಬರುವವರೆಗೆ ಡ್ರಮ್ ಉಜ್ಜುವುದು ತಪ್ಪಿದ್ದಲ್ಲ.

ಕರ್ನಾಟಕದ ಸಾಂಕ್ರಾಮಿಕ ರೋಗಗಳ 2024ರ ತಿದ್ದುಪಡಿ ನಿಯಮದಂತೆ ಸೊಳ್ಳೆ ಮರಿ ಸಿಕ್ಕ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಹಾಕಬಹುದು. ನೀರು ಕೊಡದೆ ಡ್ರಮ್ ಇಡಿಸಿದವರಿಗೆ ದಂಡವಿಲ್ಲ, ಇರಲಿ. ನೀರು ಸರಬರಾಜು ವಿಭಾಗವು ಬಡಾವಣೆವಾರು ಸರದಿಯ ಪಟ್ಟಿಯನ್ನು ಆರೋಗ್ಯ ಇಲಾಖೆಗೆ ಕೊಡಲಿ. ಆಶಾ ಕಾರ್ಯಕರ್ತೆಯರ ಭೇಟಿ ನಲ್ಲಿ ಬರುವ ಮುನ್ನಾದಿನಕ್ಕೇ ನಿಗದಿಯಾಗಲಿ. ನೋಡಿದ ನೂರು ಮನೆಗಳಲ್ಲಿ ಎಷ್ಟರಲ್ಲಿ ಮರಿ ಸಿಕ್ಕಿತೆಂಬ ಲೆಕ್ಕ, ಬೀಗ ಹಾಕಿದ್ದ ಮನೆಗಳ ಸಂಖ್ಯೆಯ ಜೊತೆಗೆ, ಪ್ರತಿ ವಾರ ವಾರ್ಡ್ ಕಚೇರಿಯ ಗೋಡೆಯ ಮೇಲಿರಲಿ.

– ನಿವೃತ್ತ ಆರೋಗ್ಯ ನಿರೀಕ್ಷಕರು, ಗದಗ