ಒಂದು ಸಾಲು ಅಳಿಸಲು ಇಪ್ಪತ್ನಾಲ್ಕು ದಿನ ಸಾಲದೇ?

ಸಾಗರ, ಶಿವಮೊಗ್ಗ ಜಿಲ್ಲೆ
21 ಜನವರಿ 2026

ನಮಗೆ ಸರ್ವರ್, ಡೊಮೇನ್ ಕೊಟ್ಟ ಕಂಪನಿಯ ಗ್ರಾಹಕ ಸೇವೆಯ ಮುಖ್ಯಸ್ಥರಿಗೆ,

ವಿಷಯ: ನನ್ನ ಡೊಮೇನಿನಲ್ಲಿ (ನಮ್ಮ ಜಾಲತಾಣದ ಹೆಸರಿನಲ್ಲಿ) ನೀವು ಕೇಳದೆ ಸೇರಿಸಿದ ಸಿಎಎ ದಾಖಲೆ ಎಂಬ ಒಂದು ಸಾಲು, ಮತ್ತು ಅದರಿಂದ ಬಾಗಿಲು ಹಾಕಿದ ನಮ್ಮ ಶಾಲೆಯ ಸರ್ವರ್

ಮಾನ್ಯರೇ,

ಡಿಸೆಂಬರ್ 29ರಿಂದ ಇಲ್ಲಿಯವರೆಗೆ ನಾನು ನಿಮಗೆ ಆರು ಸಲ ಫೋನ್ ಮಾಡಿದ್ದೇನೆ. ನಾಲ್ಕು ದೂರಿನ ಟಿಕೆಟ್ ಹಾಕಿದ್ದೇನೆ. ನಾಲ್ಕನ್ನೂ ನೀವು 'ಬಗೆಹರಿದಿದೆ' ಎಂದು ಮುಚ್ಚಿದ್ದೀರಿ. ಹಾಗಾಗಿ ಈ ಸಲ ಸ್ಪೀಡ್ ಪೋಸ್ಟ್. ಕಾಗದವನ್ನು ಮುಚ್ಚಲು ಬಟನ್ ಇರುವುದಿಲ್ಲ ಅಲ್ವಾ.

ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ನಮ್ಮದು ಮೂರು ಶಾಲೆ, 34 ಶಿಕ್ಷಕರು. ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ, ಅಂಕಪಟ್ಟಿ ಎಲ್ಲವೂ ವಾಟ್ಸಾಪಿನಲ್ಲಿ ಓಡಾಡುವುದು ಸರಿಯಲ್ಲ ಅನ್ನಿಸಿ ಹೋದ ಬೇಸಿಗೆ ರಜೆಯಲ್ಲಿ ನಿಮ್ಮಿಂದ ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡೆ. ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಪಾಠಕ್ಕೆ ಮೂಡಲ್. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟರೆ ನಮ್ಮ ಹಿರಿಯ ಮೇಷ್ಟ್ರುಗಳು ಅದನ್ನು ಹಾಜರಿ ಪುಸ್ತಕದ ಹಿಂದೆ ಬರೆದಿಡುತ್ತಾರೆ. ಅದಕ್ಕೇ ಮುಂದೆ ಕೀಕ್ಲೋಕ್ ಎಂಬ ಲಾಗಿನ್ ತಂತ್ರಾಂಶ ಕೂರಿಸಿ ಸಿಂಗಲ್ ಸೈನ್ ಆನ್ ಮಾಡಿದೆ. ಒಂದು ಬೀಗದ ಕೈ, ಎರಡು ಕೋಣೆ.

ಇದನ್ನು ಮಾಡುವಾಗ ಪಟ್ಟ ಪಾಡಿನ ಬಗ್ಗೆ ನಿಮ್ಮ ಮೇಲೆ ದೂರಿಲ್ಲ. ಲಾಗಿನ್ ಆದ ಮೇಲೆ ವಾಪಸ್ ಬರಬೇಕಾದ ವಿಳಾಸವನ್ನು ನೆಕ್ಸ್ಟ್‌ಕ್ಲೌಡ್ 'ಎಚ್‌ಟಿಟಿಪಿ' ಎಂದು ಕೊಡುತ್ತಿತ್ತು, ಕೀಕ್ಲೋಕಿನಲ್ಲಿ ನಾನು ಬರೆದದ್ದು 'ಎಚ್‌ಟಿಟಿಪಿಎಸ್', ಅಂದರೆ ಗುಟ್ಟಾಗಿ ಸಾಗುವ ಸಂಪರ್ಕ. ಒಂದೇ ಒಂದು ಎಸ್ ವ್ಯತ್ಯಾಸಕ್ಕೆ ರೀಡೈರೆಕ್ಟ್ ವಿಳಾಸ ತಪ್ಪು ಎಂದು ಮೂರು ದಿನ ಆಟ ಆಡಿಸಿತು. ಎಂಜಿನ್‌ಎಕ್ಸ್ (ಹೊರಗಿನ ಕೋರಿಕೆಗಳನ್ನು ಒಳಗೆ ದಾಟಿಸುವ ತಂತ್ರಾಂಶ) ಹಿಂದೆ ಕೂತ ಅಪ್ಲಿಕೇಶನ್‌ಗೆ ಹೊರಗಡೆ ಎಚ್‌ಟಿಟಿಪಿಎಸ್ ಇದೆ ಅಂತ ನಾವೇ ಹೇಳಬೇಕಂತೆ. ಹೇಳಿದೆ. ಸರಿಹೋಯಿತು. ಜೂನ್ ತಿಂಗಳಿಂದ ಎಲ್ಲ ಸಲೀಸಾಗಿ ನಡೆದಿತ್ತು.

ಎಚ್‌ಟಿಟಿಪಿಎಸ್‌ಗೆ ಸರ್ಟಿಫಿಕೇಟ್ ಬೇಕು, ಇದು ಅಸಲಿ ಸರ್ವರೇ ಎಂದು ಬ್ರೌಸರಿಗೆ ತೋರಿಸುವ ಪತ್ರ. ನನ್ನದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯದ್ದು. ಉಚಿತ, 90 ದಿನದ್ದು, ಮುಗಿಯುವ 30 ದಿನ ಮೊದಲೇ ಸರ್ಟ್‌ಬಾಟ್ ಎಂಬ ತಂತ್ರಾಂಶ ತಾನಾಗಿ ಹೊಸದು ತರುತ್ತದೆ. ಯಾವ ಸಂಸ್ಥೆಯ ಸರ್ಟಿಫಿಕೇಟ್ ಬೇಕಾದರೂ ಗ್ರಾಹಕರು ಬಳಸಬಹುದು ಎಂದು ನಿಮ್ಮ ಷರತ್ತುಗಳ 11(ಬಿ) ಹೇಳುತ್ತದೆ. ಅದು ನಿಮಗೆ ಗೊತ್ತೇ ಇರುತ್ತದೆ, ನೀವೇ ಬರೆದದ್ದು.

ನವೆಂಬರಿನಲ್ಲಿ ನೀವು 'ಹೊಸ ಪ್ಯಾನೆಲ್'ಗೆ ನಮ್ಮನ್ನೆಲ್ಲ ವರ್ಗ ಮಾಡಿದಿರಿ. ಆಗಲೇ ನನ್ನ ಡೊಮೇನಿಗೆ ಒಂದು ಸಿಎಎ ದಾಖಲೆ ಬಂದು ಕೂತಿದೆ. ನಾನು ಹಾಕಿದ್ದಲ್ಲ. ಈ ಹೆಸರಿಗೆ ಯಾರು ಸರ್ಟಿಫಿಕೇಟ್ ಕೊಡಬಹುದು ಎಂದು ಹೇಳುವುದು ಅದರ ಕೆಲಸ. ನೀವು ಅದರಲ್ಲಿ ಬರೆದಿರುವುದು ಒಂದೇ ಹೆಸರು, ನೀವು ದುಡ್ಡಿಗೆ ಮಾರುವ ಸರ್ಟಿಫಿಕೇಟ್ ಸಂಸ್ಥೆಯದ್ದು. 2017ರ ಸೆಪ್ಟೆಂಬರ್ 8ರಿಂದ ಪ್ರತಿಯೊಂದು ಸರ್ಟಿಫಿಕೇಟ್ ಸಂಸ್ಥೆಯೂ ಕೊಡುವ ಮೊದಲು ಈ ದಾಖಲೆ ನೋಡಲೇಬೇಕು. ಲೆಟ್ಸ್ ಎನ್‌ಕ್ರಿಪ್ಟ್ ನೋಡಿತು, ಕೈ ಮುಗಿದು ವಾಪಸ್ ಹೋಯಿತು. ಮುಖ್ಯ ಹೆಸರಿಗೆ ಹಾಕಿದ ಈ ಸಾಲು ಅದರ ಕೆಳಗಿನ ಲಾಗಿನ್, ಕಡತ, ಪಾಠ ಮೂರಕ್ಕೂ ಅನ್ವಯ ಆಗುತ್ತದೆ. ಅಳಿಸೋಣ ಅಂದರೆ ನಿಮ್ಮ ಹೊಸ ಪ್ಯಾನೆಲ್‌ನಲ್ಲಿ ಸಿಎಎ ಎಂಬ ಬಗೆಯೇ ಕಾಣುವುದಿಲ್ಲ. ಡಿಗ್ ಎಂಬ ಆಜ್ಞೆ ಹಾಕಿ ನೋಡಿದರೆ ಮಾತ್ರ ಕಾಣುತ್ತದೆ. ನೇಮ್‌ಸರ್ವರ್ (ಈ ದಾಖಲೆಗಳನ್ನು ಇಟ್ಟುಕೊಂಡಿರುವ ಕಂಪ್ಯೂಟರ್) ಬೇರೆ ಕಡೆ ತಿರುಗಿಸೋಣ ಅಂದರೆ ಆ ಬಟನ್ ಬೂದು ಬಣ್ಣಕ್ಕೆ ತಿರುಗಿದೆ, ಒತ್ತಿದರೆ ಏನೂ ಆಗುವುದಿಲ್ಲ.

ಒಂದು ತಪ್ಪು ನನ್ನದೂ ಇದೆ. ಸರ್ಟಿಫಿಕೇಟ್ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಮೇಲ್ ಕಳಿಸುತ್ತಿತ್ತು, 2025ರ ಜೂನಿನಲ್ಲಿ ಅದನ್ನು ನಿಲ್ಲಿಸಿತು. ಬದಲಿ ವ್ಯವಸ್ಥೆ ಮಾಡಬೇಕಿತ್ತು, ಮಾಡಲಿಲ್ಲ. ಡಿಸೆಂಬರ್ 17ರಿಂದ ನವೀಕರಣ ಸೋಲುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದದ್ದು 29ಕ್ಕೆ. ಹನ್ನೆರಡು ದಿನ ನನ್ನ ಲೆಕ್ಕ. ಉಳಿದದ್ದೆಲ್ಲ ನಿಮ್ಮ ಲೆಕ್ಕ.

ಈಗ ಜನವರಿ 7ರ ಫೋನ್ ಕರೆಯ ವಿಷಯ. ಗುಣಮಟ್ಟಕ್ಕಾಗಿ ಕರೆಯನ್ನು ರೆಕಾರ್ಡ್ ಮಾಡುತ್ತೇವೆ ಎಂದು ನೀವೇ ಹೇಳುತ್ತೀರಿ. ದಯವಿಟ್ಟು ತೆಗೆದು ಕೇಳಿ. ಕೇಳುವ ಪುರುಸೊತ್ತು ಇಲ್ಲದಿದ್ದರೆ ನಾನೇ ಹೇಳುತ್ತೇನೆ.

ಮಧ್ಯಾಹ್ನ ಊಟದ ಬಿಡುವು. ಸ್ಟಾಫ್ ರೂಮಿನಲ್ಲಿ ಏಳು ಜನ. ನೆಟ್‌ವರ್ಕ್ ಕಿಟಕಿ ಹತ್ತಿರ ಮಾತ್ರ ಸಿಗುವುದರಿಂದ ಫೋನನ್ನು ಕಿಟಕಿ ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ಹನ್ನೊಂದು ನಿಮಿಷ ನಿಮ್ಮ ಕೊಳಲಿನ ಸಂಗೀತ. ಹಿಂದಿ ಮೇಷ್ಟ್ರು ಅಷ್ಟರಲ್ಲಿ ಆ ರಾಗಕ್ಕೆ ತಾಳ ಹಾಕಲು ಶುರು ಮಾಡಿದ್ದರು. ಕೊನೆಗೆ ನಿಮ್ಮ ಕಡೆಯಿಂದ ಒಬ್ಬರು ಬಂದರು. ನಾನು ಹೇಳಿದೆ: "ನನ್ನ ಡೊಮೇನಿನಲ್ಲಿ ಒಂದು ಸಿಎಎ ದಾಖಲೆ ಇದೆ. ಅದನ್ನು ಅಳಿಸಿ, ಇಲ್ಲವೇ ಅದರ ಪಕ್ಕ ಲೆಟ್ಸ್ ಎನ್‌ಕ್ರಿಪ್ಟ್ ಹೆಸರು ಸೇರಿಸಿ."

"ಮೇಡಂ, ನಿಮ್ಮ ಎಸ್‌ಎಸ್‌ಎಲ್ ಮುಗೀತಾ ಇದೆ. ನೀವು ಎಸ್‌ಎಸ್‌ಎಲ್ ತಗೋಬೇಕು." ಎಸ್‌ಎಸ್‌ಎಲ್ ಅಂದರೆ ಅವರ ಭಾಷೆಯಲ್ಲಿ ಸರ್ಟಿಫಿಕೇಟ್.

"ಅದು ಬೇಡ. ಸಿಎಎ ದಾಖಲೆ ತೆಗೆಯಿರಿ."

"ಫ್ರೀ ಎಸ್‌ಎಸ್‌ಎಲ್ ಸೇಫ್ ಅಲ್ಲ ಮೇಡಂ. ಬ್ರೌಸರಿನಲ್ಲಿ ಬೀಗದ ಗುರುತು ಬರಲ್ಲ."

ಬೀಗದ ಗುರುತನ್ನು ಕ್ರೋಮ್ 2023ರಲ್ಲೇ ತೆಗೆದುಹಾಕಿದೆ, ದುಡ್ಡು ಕೊಟ್ಟವರಿಗೂ ಬರುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮೂರು ವರ್ಷದ್ದು ಒಟ್ಟಿಗೆ ತಗೊಂಡರೆ ಆಫರ್ ಇದೆ ಮೇಡಂ, ಮೂರು ವರ್ಷ ಮುಟ್ಟೋದೇ ಬೇಡ." 2020ರ ಸೆಪ್ಟೆಂಬರಿನಿಂದ ಯಾವ ಸರ್ಟಿಫಿಕೇಟೂ 398 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. 2026ರ ಮಾರ್ಚ್ 15ರಿಂದ 200 ದಿನ. 2029ರ ಹೊತ್ತಿಗೆ 47. ಮೂರು ವರ್ಷ ಮುಟ್ಟದೇ ಇರುವಂಥದ್ದನ್ನು ನೀವು ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದೆ.

ಆಗ ಅವರು ಕೇಳಿದ್ದು: "ಮೇಡಂ, ಸರ್ವರ್ ಸೆಟಪ್ ಮಾಡಿದ್ದು ಯಾರು?"

"ನಾನೇ."

"ಇಲ್ಲ ಮೇಡಂ, ಟೆಕ್ನಿಕಲ್ ಆಗಿ ಯಾರು ನೋಡ್ಕೋತಾರೆ?"

"ನಾನೇ."

"ನೀವು ಟೀಚರ್ ಅಂದ್ರಲ್ಲ. ಅಲ್ಲಿ ಸರ್ ಯಾರಾದರೂ ಇದ್ದಾರಾ? ಅವರಿಗೆ ಫೋನ್ ಕೊಡಿ, ಅರ್ಥ ಆಗೋ ಹಾಗೆ ಹೇಳ್ತೀನಿ."

ಸ್ಪೀಕರ್ ಆನ್ ಇತ್ತು ಎಂದೆನಲ್ಲ. ತಾಳ ನಿಂತಿತು. ಸಮಾಜ ವಿಜ್ಞಾನದ ಮೇಡಂ ಡಬ್ಬಿ ಮುಚ್ಚಿ ನನ್ನ ಮುಖ ನೋಡಿದರು. ರೂಮಿನಲ್ಲಿದ್ದ 'ಸರ್'ಗಳಲ್ಲಿ ಫೋನಿಗೆ ಹತ್ತಿರ ಇದ್ದವರು ನಮ್ಮ ಪಿ.ಟಿ. ಮೇಷ್ಟ್ರು. ಬಹಳ ಒಳ್ಳೆಯವರು. ವಾಲಿಬಾಲಿಗೆ ಗಾಳಿ ತುಂಬುತ್ತಾ ಕೂತಿದ್ದರು. ನಾನು ಒಂದು ಚೀಟಿಯ ಮೇಲೆ ಮೊದಲು ಹೇಳಿದ್ದ ವಾಕ್ಯವನ್ನೇ ಅಕ್ಷರ ಬಿಡದೆ ಬರೆದು ಅವರ ಕೈಗೆ ಕೊಟ್ಟೆ. ಅವರು ಪಂಪ್ ಕೆಳಗಿಟ್ಟು ಕವಾಯತಿನ ದನಿಯಲ್ಲಿ ಓದಿದರು. 'ಸಿಎಎ' ಅನ್ನುವುದನ್ನು 'ಸಿಎ' ಎಂದು ಓದಿದರು, ಅದೂ ಪರವಾಗಿಲ್ಲ.

ನಿಮ್ಮವರು ಹೇಳಿದ್ದು: "ಹಾಂ ಸರ್, ಈಗ ಅರ್ಥ ಆಯ್ತು ಸರ್. ಡಿಎನ್‌ಎಸ್ ಟೀಮಿಗೆ ಕಳಿಸ್ತೀನಿ ಸರ್."

ಅದೇ ವಾಕ್ಯ. ಒಂದು 'ಎ' ಕಡಿಮೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಂಬತ್ತನೇ ತರಗತಿಗೆ ಹೋಗಿ ಬಹುಪದೋಕ್ತಿ ಪಾಠ ಮಾಡಿದೆ, ಬೋರ್ಡಿನ ಮೇಲೆ ಎರಡು ಸಲ ತಪ್ಪು ಬರೆದೆ. ಸಂಜೆ ಟಿಕೆಟ್ ನೋಡಿದರೆ ಹೀಗಿತ್ತು: 'ಗ್ರಾಹಕರು ಎಸ್‌ಎಸ್‌ಎಲ್ ಖರೀದಿಸಲು ಒಪ್ಪಿದ್ದಾರೆ. ಬಗೆಹರಿದಿದೆ.' ಒಪ್ಪಿದ್ದು ಯಾರು ಎಂದು ಪಿ.ಟಿ. ಮೇಷ್ಟ್ರನ್ನೂ ಕೇಳಿದೆ. ಅವರಲ್ಲವಂತೆ.

ಜನವರಿ 16, ಶುಕ್ರವಾರ ಸರ್ಟಿಫಿಕೇಟ್ ಸತ್ತಿತು. ಸಿಂಗಲ್ ಸೈನ್ ಆನ್‌ನ ಗುಣವೇ ಅದು, ಒಂದು ಬಾಗಿಲು ಮುಚ್ಚಿದರೆ ಎಲ್ಲವೂ ಮುಚ್ಚುತ್ತದೆ. ನಾನು ಎಚ್‌ಎಸ್‌ಟಿಎಸ್ (ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ದಾರಿ ಒಪ್ಪಬೇಡ ಎಂದು ಬ್ರೌಸರಿಗೆ ಹೇಳುವ ಸೂಚನೆ) ಹಾಕಿರುವುದರಿಂದ 'ಪರವಾಗಿಲ್ಲ, ಮುಂದೆ ಹೋಗು' ಅನ್ನುವ ಆಯ್ಕೆಯನ್ನೇ ಬ್ರೌಸರ್ ಕೊಡುವುದಿಲ್ಲ. ಕೊಟ್ಟರೂ ಪ್ರಯೋಜನವಿಲ್ಲ, ನೆಕ್ಸ್ಟ್‌ಕ್ಲೌಡ್ ತಾನೇ ಹಿಂದಿನಿಂದ ಕೀಕ್ಲೋಕ್ ಜೊತೆ ಮಾತಾಡಬೇಕು, ಅದೂ ಸತ್ತ ಸರ್ಟಿಫಿಕೇಟನ್ನು ಒಪ್ಪುವುದಿಲ್ಲ. ಅವತ್ತು ಚಾಟಿನಲ್ಲಿ ನಿಮ್ಮ ಇನ್ನೊಬ್ಬರು ಕೊಟ್ಟ ಸಲಹೆ: "ಸದ್ಯಕ್ಕೆ ಎಚ್‌ಟಿಟಿಪಿಎಸ್ ತೆಗೆದುಬಿಡಿ ಮೇಡಂ." 34 ಜನರ ಪಾಸ್‌ವರ್ಡನ್ನು ಬೀದಿಯಲ್ಲಿ ಕೂಗಿ ಹೇಳಿ ಎಂದ ಹಾಗೆ. ಈ ಸಲಹೆಗೂ ಚಾರ್ಜ್ ಹಾಕಿಲ್ಲ ತಾನೇ?

ಸೋಮವಾರ ಎಂಟು, ಒಂಬತ್ತನೇ ತರಗತಿಗೆ ಎಫ್‌ಎ-4 ಪರೀಕ್ಷೆ. ಪ್ರಶ್ನೆಪತ್ರಿಕೆಗಳು ಒಳಗೆ. ಶನಿವಾರ ರಾತ್ರಿ ಎಸ್‌ಎಸ್‌ಎಚ್ ಎಂಬ ಬೇರೆ ದಾರಿಯಲ್ಲಿ ಸರ್ವರಿಗೆ ಹೋಗಿ ಒಂದೊಂದೇ ಕಡತ ಎಳೆದು ಪೆನ್‌ಡ್ರೈವಿಗೆ ಹಾಕಿಕೊಂಡೆ. ಇನ್ನೂ ಏರಿಸದೇ ಇದ್ದ ಮೂವರು ವಾಟ್ಸಾಪಿನಲ್ಲಿ ಕಳಿಸಿದರು. ಅವರಲ್ಲಿ ಒಬ್ಬರು ಅವಸರದಲ್ಲಿ ವಿಜ್ಞಾನದ ಪತ್ರಿಕೆಯನ್ನು ನನಗೆ ಕಳಿಸುವ ಬದಲು ಒಂಬತ್ತನೇ ತರಗತಿಯ ಪೋಷಕರ ಗ್ರೂಪಿಗೆ ಹಾಕಿಬಿಟ್ಟರು. ನಾಲ್ಕು ನಿಮಿಷಕ್ಕೆ ಅಳಿಸಿದರು. ಅಷ್ಟರಲ್ಲಿ ಹನ್ನೆರಡು ಥಂಬ್ಸ್ ಅಪ್ ಬಿದ್ದಿತ್ತು. ಭಾನುವಾರ ಹೊಸ ಪತ್ರಿಕೆ. ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಕಟ್ಟಿದೆನೋ ಅದೇ ಆಯಿತು.

ಇವತ್ತಿಗೂ ಆ ಸಾಲು ಅಲ್ಲೇ ಇದೆ. ಬೆಳಿಗ್ಗೆ ನೋಡಿದೆ.

ನನಗೆ ಬೇಕಾದದ್ದು ಇಷ್ಟು. ಆ ಸಿಎಎ ದಾಖಲೆ ಅಳಿಸಿ, ಅಥವಾ ಡೊಮೇನ್ ವರ್ಗಾವಣೆಯ ಕೋಡ್ ಕೊಡಿ, ನಾನೇ ಬೇರೆ ಕಡೆ ಹೋಗುತ್ತೇನೆ. ಕೋಡ್ ಕೇಳಿದ ಟಿಕೆಟ್ಟನ್ನೂ ನೀವು ಮುಚ್ಚಿದ್ದೀರಿ. ಗ್ರಾಹಕರು ಕೇಳಿದರೆ ಎಷ್ಟು ದಿನದಲ್ಲಿ ಕೊಡಬೇಕು ಎನ್ನುವುದು ನಿಮ್ಮ ಷರತ್ತುಗಳ 14ರಲ್ಲಿದೆ. ಆ ದಿನಗಳು ಮುಗಿದವು.

ಹಣ ವಾಪಸ್ ಕೇಳಬೇಕೆಂದು ಮೊದಲು ಅಂದುಕೊಂಡಿದ್ದೆ. ಈಗ ಅದರ ಮೇಲೆ ಆಸೆ ಇಲ್ಲ. ಖಾತೆ ನನ್ನ ಹೆಸರಿನಲ್ಲಿದೆ, ದುಡ್ಡು ನನ್ನ ಸಂಬಳದಿಂದ ಹೋಗಿದೆ, ಲಾಭಕ್ಕೆ ಮಾಡಿದ್ದಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಿಮ್ಮ ಊರಿಗೆ ಬರಬೇಕಿಲ್ಲ. ಶಿವಮೊಗ್ಗದ ಗ್ರಾಹಕ ಆಯೋಗಕ್ಕೆ ನನಗೆ ಒಂದು ಬಸ್ಸು ಸಾಕು. ನೀವು ಎಷ್ಟು ಬಸ್ಸು ಹಿಡಿಯಬೇಕೋ ಗೊತ್ತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿಯೂ ಆಗಿದೆ. ಡೊಮೇನ್ ಡಾಟ್ ಇನ್ ಆದ್ದರಿಂದ ಅದನ್ನು ನಡೆಸುವ ನಿಕ್ಸಿಗೂ ಈ ಪತ್ರದ ಪ್ರತಿ ಹೋಗುತ್ತದೆ. ಡಿಗ್ ತೋರಿಸಿದ ಸಾಲು, ಸರ್ಟ್‌ಬಾಟ್ ಲಾಗ್, ನಾಲ್ಕು ಟಿಕೆಟ್‌ಗಳ ಸ್ಕ್ರೀನ್‌ಶಾಟ್, ಎಲ್ಲದಕ್ಕೂ ದಿನಾಂಕ ಹಾಕಿ ಫೈಲ್ ಮಾಡಿದ್ದೇನೆ. ಗಣಿತದವರ ಅಭ್ಯಾಸ, ಪ್ರತಿ ಹೆಜ್ಜೆಯನ್ನೂ ಬರೆಯುತ್ತೇವೆ.

ಪತ್ರ ತಲುಪಿದ ಏಳು ದಿನ ಕಾಯುತ್ತೇನೆ. ಎಂಟನೇ ದಿನ ಬಸ್ಸು.

ನಿಮ್ಮವರು ಯಾರಾದರೂ ಫೋನ್ ಮಾಡುವುದಾದರೆ ನನ್ನ ಹತ್ತಿರವೇ ಮಾತಾಡಲಿ. ಪಿ.ಟಿ. ಮೇಷ್ಟ್ರು ಗಣರಾಜ್ಯೋತ್ಸವದ ಪರೇಡ್ ಪ್ರಾಕ್ಟೀಸಿನಲ್ಲಿದ್ದಾರೆ, 26ರವರೆಗೆ ಸಿಗುವುದಿಲ್ಲ.

ಇಂತಿ,
ಸಹಾಯಕ ಶಿಕ್ಷಕಿ (ಗಣಿತ),
ಸರ್ವರ್ ಕೂರಿಸಿದವಳೂ ನಾನೇ