ಕೈ ಎತ್ತದೆ ಎಳೆದ ಗೆರೆ

ಶಿರಸಿಯಿಂದ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ನೋಡಿದೆ. ಕೆ.ಕೆ. ಹೆಬ್ಬಾರರ ರೇಖಾಚಿತ್ರ, ಕುಣಿಯುವ ಹೆಂಗಸು. ಕೆಳಗೆ ನೀನು ಬರೆದದ್ದು ಒಂದೇ ಸಾಲು: ‘ನಾಲ್ಕೇ ಗೆರೆ ಮಾರಾಯಾ, ಇದಕ್ಕೆ ಇಷ್ಟೊಂದು ಹೆಸರಾ?’ ಫೋನಿನಲ್ಲಿ ಹೇಳಿದರೆ ಮುಗಿಯುವ ಮಾತಲ್ಲ ಅನ್ನಿಸಿತು. ಅದಕ್ಕೇ ಪತ್ರ.

ನಾವಿಬ್ಬರೂ ಬೋರ್ಡ್ ಬರೆದು ಬದುಕಿದವರು. ಗೆರೆ ಅಂದ್ರೆ ಏನು ಅಂತ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿರಾಣಿ ಅಂಗಡಿಯ ಬೋರ್ಡಿನಲ್ಲಿ ‘ಶ್ರೀ’ ಬರೆಯುವಾಗ ಕಿರುಬೆರಳು ತಗಡಿಗೆ ಊರಿ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಬ್ರಷ್ ತಿರುಗಿಸುತ್ತಿದ್ದೆವಲ್ಲ. ನಡುವೆ ಕೈ ನಿಂತರೆ ಅಲ್ಲೊಂದು ಗಂಟು ಕೂರುತ್ತಿತ್ತು. ಎಷ್ಟು ಒರೆಸಿದರೂ ಅದು ಹೋಗುತ್ತಿರಲಿಲ್ಲ.

ಈಗ ಆ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ನೋಡು. ಗಂಟು ಎಲ್ಲಿದೆ ಹುಡುಕು. ಹಿಮ್ಮಡಿಯಿಂದ ಹೊರಟ ಗೆರೆ ಮೊಣಕಾಲು ದಾಟಿ, ಸೊಂಟದ ಹತ್ತಿರ ತುಸು ದಪ್ಪವಾಗಿ, ಬೆನ್ನಿಗೆ ಹತ್ತಿ, ಕೈಬೆರಳ ತುದಿಗೆ ಬರುವಾಗ ಕೂದಲೆಳೆಯಷ್ಟು ಸಣ್ಣಗಾಗುತ್ತದೆ. ಕಣ್ಣು ಮೂಗು ಏನೂ ಬರೆದಿಲ್ಲ. ಆದರೂ ಅವಳ ಮೈಭಾರ ಯಾವ ಕಾಲಿನ ಮೇಲಿದೆ ಅಂತ ಗೊತ್ತಾಗುತ್ತದೆ. ಇನ್ನೊಂದು ಕ್ಷಣಕ್ಕೆ ಯಾವ ಕಡೆ ತಿರುಗುತ್ತಾಳೆ ಅಂತಲೂ ಗೊತ್ತಾಗುತ್ತದೆ. ನಾಲ್ಕು ಗೆರೆಯಲ್ಲಿ ಇದು ಆಗಿದೆ. ಇನ್ನೂ ಹತ್ತು ಗೆರೆ ಸೇರಿಸಿದ್ದರೆ ಅವಳು ನಿಂತುಬಿಡುತ್ತಿದ್ದಳು.

ಆ ಕೈ ಸುಮ್ನೆ ಬಂದದ್ದಲ್ಲ. ಹೆಬ್ಬಾರರು ನಮ್ಮ ಕರಾವಳಿಯವರೇ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು. ಯಕ್ಷಗಾನದ ಸೀಮೆ ಅದು. ಬೊಂಬಾಯಿಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಆಮೇಲೆ ಅಲ್ಲೇ ಕಲಿಸಿದರು. ಆದರೆ ಅಲ್ಲಿ ಕಲಿತದ್ದು ವಿಲಾಯಿತಿ ಪದ್ಧತಿ. ನೆರಳು ಬೆಳಕು ತಿದ್ದಿ, ಎದುರಿಗಿದ್ದದ್ದನ್ನು ಇದ್ದ ಹಾಗೇ ಬರೆಯುವುದು. ಅವರಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ಅಜಂತಾದ ಗೋಡೆ, ಜೈನರ ಹಳೆಯ ಹಸ್ತಪ್ರತಿಗಳ ಚಿತ್ರ, ರಾಜಸ್ಥಾನದ ಚಿಕಣಿ ಚಿತ್ರ ಎಲ್ಲದರ ಮುಂದೆಯೂ ಕೂತು ನೋಡಿದರು. ಅಮೃತಾ ಶೇರ್‌ಗಿಲ್ ಚಿತ್ರಗಳು ಅವರ ಮನಸ್ಸಿಗೆ ಹಿಡಿಸಿದವು. ಕೇರಳ ಸುತ್ತಿ ಬಂದು ಅಲ್ಲಿನ ಬಿಸಿಲು, ಕೆಂಪು ಮಣ್ಣು, ದುಡಿಯುವ ಹೆಂಗಸರನ್ನು ದಟ್ಟ ಬಣ್ಣದಲ್ಲಿ ಬರೆದರು. 1949ರ ಹೊತ್ತಿಗೆ ಪ್ಯಾರಿಸ್‌ಗೂ ಹೋಗಿ ಕಲಿತು ಬಂದರು. ಪದ್ಮಶ್ರೀ, ಪದ್ಮಭೂಷಣ ಎಲ್ಲ ಬಂದವು. ಅದು ನಿನಗೂ ಗೊತ್ತು.

ನನಗೆ ದೊಡ್ಡದಾಗಿ ಕಾಣುವುದು ಬೇರೆ ವಿಷಯ. ಲಯ ಅಂದ್ರೇನು ಅಂತ ತಿಳಿಯಬೇಕು ಎಂದು ಅವರು ಕಥಕ್ ಕಲಿತರು. ಅದೂ ದೊಡ್ಡವರಾದ ಮೇಲೆ, ಪಂಡಿತ್ ಸುಂದರ್ ಪ್ರಸಾದರ ಹತ್ತಿರ. ವೇದಿಕೆ ಹತ್ತುವುದಕ್ಕಲ್ಲ, ಗೆರೆ ಎಳೆಯುವುದಕ್ಕೆ! ತಾಳ ತನ್ನ ಕಾಲಿಗೆ ಇಳಿಯದೆ ಕೈಗೆ ಬರುವುದಿಲ್ಲ ಅಂತ ಒಬ್ಬ ಚಿತ್ರಕಾರನಿಗೆ ಅನ್ನಿಸಿದೆ ನೋಡು. ರೇಖಾಚಿತ್ರಗಳ ಪುಸ್ತಕಕ್ಕೆ ‘ದಿ ಸಿಂಗಿಂಗ್ ಲೈನ್’ ಅಂತ ಹೆಸರಿಟ್ಟರು. ಹಾಡುವ ಗೆರೆ. ಹೊನ್ನಾವರದ ಕಡೆ ಯಕ್ಷಗಾನದ ಆಟ ನೋಡುತ್ತಾ ರಾತ್ರಿ ಕಳೆದವರು ನಾವು. ಚಂಡೆಯ ಪೆಟ್ಟಿಗೆ ಸರಿಯಾಗಿ ವೇಷ ಗಿರಕಿ ಹೊಡೆದು ಗಕ್ಕನೆ ನಿಂತಾಗ ಮೈ ಜುಂ ಅನ್ನುವುದಿಲ್ವಾ? ಆ ಜುಂ ಕಾಗದದ ಮೇಲೆ ಬಂದರೆ ಹೇಗಿರುತ್ತದೋ ಹಾಗಿವೆ ಆ ಗೆರೆಗಳು.

ಇನ್ನು ನಿನಗೇ ಹೇಳಬೇಕಾದ ಒಂದು ಮಾತಿದೆ.

ಇಪ್ಪತ್ತು ವರ್ಷದ ಮೇಲಾಯಿತು. ಘಟ್ಟದ ಕೆಳಗಿನ ಒಂದು ಗುಡಿಗೆ ಪೇಂಟ್ ಹೊಡೆಯಲು ಹೋಗಿದ್ದೆವು, ನೆನಪಿದೆಯಾ? ಊರಿನ ಹೆಸರು ಇಲ್ಲಿ ಬೇಡ. ಹೊರಗೋಡೆಯ ಮೇಲೆ ಕಾವಿ ಚಿತ್ರ ಇತ್ತು. ಹುಲಿಯ ಮೇಲೆ ಕೂತ ದೇವಿ. ಅಲ್ಲಲ್ಲಿ ಗಾರೆ ಉದುರಿತ್ತು. ‘ಹಳೇದಾಯ್ತು, ಆಯಿಲ್ ಪೇಂಟ್ ಹೊಡೀರಿ’ ಅಂದರು ಗುಡಿಯವರು. ನೀನು ಬಣ್ಣ ಕಲಸಿ ಕೊಟ್ಟೆ, ನಾನು ಹೊಡೆದೆ. ಒಂದು ಕೋಟ್ ಹೊಡೆದರೆ ಮುಚ್ಚಲಿಲ್ಲ. ಹುಲಿಯ ಬಾಲ ಒಳಗಿಂದ ಕಾಣುತ್ತಲೇ ಇತ್ತು. ಎರಡನೇ ಕೋಟ್ ಹೊಡೆದೆ.

ಹೆಬ್ಬಾರರ ಗೆರೆ ನೋಡಲು ಕಲಿತ ಮೇಲೆ ಆ ಬಾಲ ನನಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ಕಾವಿ ಕೆಲಸ ಹೇಗೆ ಅಂತ ಗೊತ್ತಲ್ಲ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿಯಬೇಕು. ಅದು ಹಸಿ ಇರುವಾಗಲೇ ಉಕ್ಕಿನ ಮೊನೆಯಿಂದ ಕೆರೆಯಬೇಕು. ಕೆರೆದಲ್ಲಿ ಒಳಗಿನ ಬಿಳಿ ಕಾಣುತ್ತದೆ. ಒಣಗಿದರೆ ಮುಗಿಯಿತು, ಕೈ ತಪ್ಪಿದರೂ ಮುಗಿಯಿತು. ಹೂವು ಚಕ್ರಗಳಿಗಾದರೆ ಕೈವಾರ ಇಟ್ಟುಕೊಳ್ಳಬಹುದು. ಹುಲಿಯ ಬಾಲಕ್ಕೆ ಕೈಯೊಂದೇ ದಿಕ್ಕು. ಹೆಬ್ಬಾರರು ಕಾವಿ ನೋಡಿ ಕಲಿತರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಬಾಲ ಎಳೆದವನೂ ಉಸಿರು ಬಿಗಿಹಿಡಿದೇ ಎಳೆದಿರಬೇಕು. ಅವನ ಹೆಸರು ಯಾರಿಗೂ ತಿಳಿಯದು. ಅದರ ಮೇಲೆ ಎರಡು ಕೋಟ್ ಹೊಡೆದವನು ನಾನು. ಅವತ್ತು ಕೂಲಿ ತಗೊಂಡು ಖುಷಿಯಾಗಿ ಬಸ್ ಹತ್ತಿದ್ದೆವು.

ಇಲ್ಲಿ ಮಾರಿಗುಡಿಯ ಗೋಡೆಗಳ ಮೇಲೆ ಕಾವಿ ಚಿತ್ರ ಇನ್ನೂ ಇದೆ. ಸಂಜೆ ಹೊತ್ತು ಹೋಗಿ ಒಂದೊಂದೇ ಚಿತ್ರದ ಮುಂದೆ ನಿಲ್ಲುತ್ತೇನೆ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಕೈ ತಿರುಗಿತು ಅಂತ ಬೆರಳಿನಿಂದ ಗಾಳಿಯಲ್ಲೇ ಎಳೆದು ನೋಡುತ್ತೇನೆ. ಮುಂದಿನ ಜಾತ್ರೆಗೆ ನೀನು ಬಾ, ಒಟ್ಟಿಗೆ ನೋಡುವಾ.

ನೀನಿರುವುದು ಬೆಂಗಳೂರಿನಲ್ಲೇ ಅಲ್ವಾ. ಹೆಬ್ಬಾರರು ತಮ್ಮ ಎಷ್ಟೋ ಚಿತ್ರಗಳನ್ನು ಅಲ್ಲಿಯ ವೆಂಕಟಪ್ಪ ಚಿತ್ರಶಾಲೆಗೆ ಕೊಟ್ಟಿದ್ದಾರೆ. ತೆರೆದಿರುವ ದಿನ ವಿಚಾರಿಸಿಕೊಂಡು ಹೋಗು. ಫೋನಿನಲ್ಲಿ ನೋಡಿದ್ದು ಸಾಲದು. ಹತ್ತಿರ ನಿಂತು ಗೆರೆಯ ದಪ್ಪ ಎಲ್ಲಿ ಬದಲಾಗುತ್ತದೆ ನೋಡು, ನೋಡಿ ನನಗೆ ಬರೆ.

ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಅಪರೂಪ. ಆದರೂ ಬೆಳಿಗ್ಗೆ ಚಾ ಕುಡಿದು, ಹಳೆ ಪೇಪರಿನ ಮೇಲೆ ಹತ್ತು ಗೆರೆ ಎಳೆಯುತ್ತೇನೆ. ನೀನು ಬಿಟ್ಟುಹೋದ ಆರನೇ ನಂಬರಿನ ಬ್ರಷ್ ನನ್ನ ಹತ್ತಿರವೇ ಇದೆ. ಕೂದಲು ಉದುರಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಇಟ್ಟಿದ್ದೇನೆ.

ನಿನ್ನ ಗೆಳೆಯ