ಬೇಲಿಯ ಮೇಲಿನ ದಾರಿ

ಪ್ರೀತಿಯ ಪುಟ್ಟಿ,

ಇರುಳಲ್ಲಿ ಮರದ ಮೇಲೆ ಓಡಾಡುವ ಆ ಪುಟ್ಟ ಪ್ರಾಣಿ, ಕಾಡುಪಾಪದ ವಿಡಿಯೊ ಕಳಿಸಿ, ಇನ್‌ಸ್ಟಾಗೆ ಹಾಕ್ತೀನಿ ಅಂತ ನೀನು ಕೇಳಿದ್ದೆ. ಕಳಿಸುವುದಿಲ್ಲ ಮಗಳೇ. ಯಾಕೆ ಅಂತ ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ‘ಸರಿ ಅಪ್ಪ’ ಅಂದುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತುಮಕೂರು ಸೀಮೆಗೆ ಕಾಡುಪಾಪ ಹೊಸದಲ್ಲ. ನಾಗವಲ್ಲಿ ಸುತ್ತಮುತ್ತ ಇವೆ ಅನ್ನುವುದು ಬಹಳ ಜನಕ್ಕೆ ಗೊತ್ತು. ನಮ್ಮ ಹೊಲದ ಬೇಲಿಯಲ್ಲೂ ಇವೆ ಅನ್ನುವುದು ಮಾತ್ರ ಅಕ್ಕಪಕ್ಕದ ಒಂದೆರಡು ಮನೆಗೆ ಗೊತ್ತು, ಅಷ್ಟೇ ಸಾಕು. ಅದರ ಕಣ್ಣಿನಿಂದ ಔಷಧಿ ಮಾಡ್ತೀವಿ, ವಶೀಕರಣ ಮಾಡ್ತೀವಿ ಅನ್ನುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಮೊದಲನೇ ಪಟ್ಟಿಯಲ್ಲೇ ಇದೂ ಇದೆ. ಆದರೆ ಚೀಲ ಹಿಡಿದು ಕತ್ತಲಲ್ಲಿ ಬರುವವನು ಪಟ್ಟಿ ಓದಿಕೊಂಡು ಬರುವುದಿಲ್ಲವಲ್ಲ. ಇನ್ನು ಕ್ಯಾಮೆರಾದವರು. ಒಳ್ಳೆಯವರೇ, ಆದರೆ ಇರುಳಲ್ಲೇ ಬದುಕುವ ಆ ಕಣ್ಣಿಗೆ ಫ್ಲ್ಯಾಶ್ ಹೊಡೆಯುತ್ತಾರೆ.

ರಜಕ್ಕೆ ಬಂದಾಗ ನಾನೇ ತೋರಿಸುತ್ತೇನೆ. ಬ್ಯಾಟರಿಯ ಗಾಜಿಗೆ ಕೆಂಪು ಪ್ಲಾಸ್ಟಿಕ್ ಕಾಗದ ಕಟ್ಟಿಕೊಂಡು ಹೋಗಬೇಕು, ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ಹೊಂಗೆಯ ಕೊಂಬೆಯ ಸಂದಿಯಲ್ಲಿ ಒತ್ತೊತ್ತಾಗಿ ಎರಡು ಕೆಂಡ ಇಟ್ಟ ಹಾಗೆ ಕಣ್ಣು ಹೊಳೆಯುತ್ತವೆ. ಮೈ ಒಂದು ಗೇಣು, ತೂಕ ಕಾಲು ಕೆ.ಜಿ. ಆಸುಪಾಸು, ಕೈಕಾಲು ಕಡ್ಡಿ, ಬಾಲ ಇಲ್ಲವೆಂದೇ ಹೇಳಬೇಕು. ಒಂದೊಂದೇ ಹೆಜ್ಜೆ ಇಟ್ಟು ಬಂದು ಹುಳವನ್ನು ತಟ್ಟನೆ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತದೆ. ಇರುವೆ, ಗೆದ್ದಲು, ಜೀರುಂಡೆ, ಯಾವುದನ್ನೂ ಬಿಡುವುದಿಲ್ಲ. ತನ್ನ ಉಚ್ಚೆಯಲ್ಲೇ ಕೈಕಾಲು ತೊಳೆದುಕೊಳ್ಳುತ್ತದೆ. ಇದನ್ನು ಕೇಳಿ ನಿನ್ನಜ್ಜಿ ಮಾರನೇ ದಿನದ ತಿಂಡಿಯನ್ನೇ ಬಿಟ್ಟಿದ್ದರು!

ಒಂದು ಮಾತು ಚೆನ್ನಾಗಿ ನೆನಪಿಟ್ಟುಕೋ, ಊರಿನ ಹುಡುಗರಿಗೂ ಹೇಳು. ಮರಿ ಸ್ವಲ್ಪ ಬಲಿತ ಮೇಲೆ ತಾಯಿ ಅದನ್ನು ಸಂಜೆ ಒಂದು ಕೊಂಬೆಗೆ ಆತುಕೊಳ್ಳಲು ಬಿಟ್ಟು ಮೇಯಲು ಹೋಗುತ್ತದೆ, ಬೆಳಗಿನ ಜಾವಕ್ಕೆ ಬಂದು ಎತ್ತಿಕೊಳ್ಳುತ್ತದೆ. ಒಂಟಿ ಮರಿ ಕಂಡರೆ ಅದು ತಬ್ಬಲಿಯೇ ಆಗಿರಬೇಕಿಲ್ಲ. ಅಯ್ಯೋ ಪಾಪ ಅಂತ ಮನೆಗೆ ತಂದರೆ ತಾಯಿಯಿಂದ ಅಗಲಿಸಿದಂತೆ.

ಈಗ ನನ್ನ ನಿಜವಾದ ತಲೆನೋವು. ನಿನ್ನ ಚಿಕ್ಕಪ್ಪ ಬೇಲಿ ಕಡಿಸಿ ಕಲ್ಲುಕಂಬ ನಿಲ್ಲಿಸಿ ತಂತಿ ಎಳೆಸಬೇಕು ಅಂತ ಕೂತಿದ್ದಾನೆ. ಅವನದು ತಪ್ಪು ಅನ್ನಲಾರೆ. ಹಂದಿ ನುಗ್ಗಿ ಕಡಲೆಕಾಯಿ ಹೊಲ ಬಗೆದು ಹಾಕಿದ್ದನ್ನು ನೀನೂ ನೋಡಿದ್ದೀಯ. ಬೇಲಿಯ ನೆರಳಿಗೆ ಎರಡು ಸಾಲು ರಾಗಿ ಏಳುವುದಿಲ್ಲ ಅನ್ನುವುದೂ ನಿಜ. ಆದರೆ ಕಾಡುಪಾಪ ಕೋತಿಯ ಹಾಗೆ ಮರದಿಂದ ಮರಕ್ಕೆ ನೆಗೆಯುವುದಿಲ್ಲ. ಕೊಂಬೆಗೆ ಕೊಂಬೆ, ಬಳ್ಳಿಗೆ ಬಳ್ಳಿ ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಹುಣಸೇಮರದಿಂದ ಕೆರೆ ಏರಿಯವರೆಗೆ ಹೊಂಗೆ, ಬೇವು, ಕಾರೆ, ಲಂಟಾನ ಹೆಣೆದುಕೊಂಡಿರುವ ಆ ಸಾಲೇ ಅದರ ರಸ್ತೆ. ಹಗಲು ಮುದುರಿ ಮಲಗುವುದೂ ಆ ಮುಳ್ಳಿನೊಳಗೇ. ನಡುವೆ ನಾಲ್ಕು ಮಾರು ಬಯಲು ಮಾಡಿದರೆ ನೆಲಕ್ಕಿಳಿದು ದಾಟಬೇಕು. ಕೆಳಗೆ ನಾಯಿ ಇರುತ್ತದೆ. ಕರೆಂಟಿನ ತಂತಿ ಹಿಡಿದು ದಾಟಹೋದರೆ ಅದು ಇನ್ನೂ ಕೆಟ್ಟದ್ದು.

ನಾನು ಅಂದುಕೊಂಡಿರುವುದು ಇಷ್ಟು. ಹಂದಿ ಬರುವುದು ಹಳ್ಳದ ಕಡೆಯಿಂದ, ಅಲ್ಲಿ ತಂತಿ ಹಾಕಲಿ, ನಾನೂ ಅರ್ಧ ದುಡ್ಡು ಕೊಡುತ್ತೇನೆ. ಮೂಡಲ ಕಡೆಯ ಸಾಲು ಹಾಗೇ ಇರಲಿ. ನೆರಳು ಕೊಡುವ ಪಕ್ಕದ ರೆಂಬೆಗಳನ್ನು ಸವರಿದರೆ ಸಾಕು, ನೆತ್ತಿ ಮುಟ್ಟುವುದು ಬೇಡ. ನಾನು ಹೇಳಿದರೆ ಅಣ್ಣನ ಹಟ ಅನ್ನುತ್ತಾನೆ, ನಿನ್ನ ಮಾತಾದರೆ ಕೇಳುತ್ತಾನೆ. ಕಲ್ಲುಕಂಬಕ್ಕೆ ಇನ್ನೂ ಮುಂಗಡ ಕೊಟ್ಟಿಲ್ಲ. ಭಾನುವಾರದೊಳಗೆ ಚಿಕ್ಕಪ್ಪನಿಗೆ ಒಂದು ಫೋನ್ ಮಾಡು.

ನಿನ್ನ ಅಪ್ಪ